ಹೆಸರಿನ ಬೆಲೆ, ಕೈಯ ಬೆಲೆ

ರುಸೈಲ್ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಗೆಳೆಯರೊಬ್ಬರಿಗೆ ಊರಿನಿಂದ ಮಗನ ಕೋರಿಕೆ ಬಂದಿತ್ತು: ರಜೆಗೆ ಬರುವಾಗ ಲೆಬ್ರಾನ್ ಹೆಸರಿನ ಬಾಸ್ಕೆಟ್‌ಬಾಲ್ ಶೂ ತರಬೇಕು. 2022ರಲ್ಲಿ ಬಂದ ‘ಲೆಬ್ರಾನ್ 20’ರ ಬೆಲೆ ಆಗ 200 ಡಾಲರ್ ಇತ್ತು, ಅಂದರೆ ಸುಮಾರು 77 ರಿಯಾಲ್. ಒಮಾನಿನಲ್ಲಿ 2013ರಲ್ಲಿ ನಿಗದಿಯಾದ 325 ರಿಯಾಲ್ ಕನಿಷ್ಠ ವೇತನ ಅಲ್ಲಿನ ಪ್ರಜೆಗಳಿಗಷ್ಟೇ. ವಲಸೆ ಕಾರ್ಮಿಕರಿಗೆ ಆ ರಕ್ಷಣೆಯಿಲ್ಲ. ಗೆಳೆಯರು ಶೂ ಕೊಂಡರು. ದೂರವಿರುವ ತಂದೆಯ ಪ್ರೀತಿಯನ್ನು ನಾನು ಹಳಿಯಲಾರೆ. ನನ್ನ ತಕರಾರು ಆ ಬೆಲೆಯೊಂದಿಗೆ.

ಗುಣಮಟ್ಟಕ್ಕೆ, ಸಂಶೋಧನೆಗೆ ಹಣ ಬೇಕೆಂಬ ಸಮರ್ಥನೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ 2006ರಲ್ಲಿ ಸ್ಟೆಫಾನ್ ಮಾರ್ಬರಿ ತಮ್ಮ ಹೆಸರಿನ ಶೂವನ್ನು 14.98 ಡಾಲರಿಗೆ ಮಾರುಕಟ್ಟೆಗೆ ತಂದು, ಅದನ್ನೇ ಧರಿಸಿ ಎನ್‌ಬಿಎ ಅಂಗಳದಲ್ಲಿ ಆಡಿದರು. ತಾರೆಯ ಹೆಸರಿದ್ದ ಮಾತ್ರಕ್ಕೆ ಶೂ ದುಬಾರಿಯಾಗಲೇಬೇಕಿಲ್ಲ. ಹಾಗೆಂದು ಅಗ್ಗವಾದುದೆಲ್ಲ ನ್ಯಾಯವೂ ಅಲ್ಲ. ಆ ರಿಯಾಯಿತಿಯ ಭಾರವನ್ನು ಹೊಲಿಯುವ ಕೈಗಳೇ ಹೊತ್ತಿರಬಹುದು.

ಕಲ್ಯಾಣದ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ಬಸವಣ್ಣನವರಿಗೆ ಒಪ್ಪಿಸಿದ ಕಥೆ ನಮಗೆಲ್ಲ ಗೊತ್ತು. ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು. ಆ ಪಾದರಕ್ಷೆಗಳು ಇಂದಿಗೂ ಉಳಿದಿರುವುದು ಮಾಡಿದವರ ಹೆಸರಿನಲ್ಲಿ. ನಮ್ಮ ಕಾಲದ ಶೂ ಮೇಲೆ ತೊಟ್ಟವನ ಹೆಸರಷ್ಟೇ ಇದೆ.

ಹೊಲಿದವರಿಗೆ ಸಂದ ಪಾಲೆಷ್ಟೆಂದು ಪೆಟ್ಟಿಗೆಯ ಮೇಲೆ ಮುದ್ರಿಸಲಿ. ಬೆಲೆ ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಅಲ್ಲಿಂದ ಆರಂಭಿಸೋಣ.