ಸತ್ತ ಗಿಡದ ಗುಂಡಿಗೆ ಏನು ನೆಡಬೇಕು?

ಶೀತದೇಶಗಳ ತೋಟಗಳಲ್ಲಿ ಗಿಡಗಳನ್ನು ಕೊಲ್ಲುವುದು ಹಿಮ. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಂಥ ಊರಿನಲ್ಲಿ ಆ ಕೆಲಸ ಮಾಡುವುದು ಬೇಸಿಗೆ. 2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಭದ್ರಾ ಜಲಾಶಯ ತುಂಬಲಿಲ್ಲ. ನಾಲೆಯ ನೀರಿಗಾಗಿ ದಾವಣಗೆರೆ ಸೀಮೆಯ ರೈತರು ಬೀದಿಗಿಳಿದರು. 2024ರ ಬೇಸಿಗೆಯ ಹೊತ್ತಿಗೆ ಕೊಳವೆಬಾವಿಗಳು ಬತ್ತಿ, ಚನ್ನಗಿರಿ ಭಾಗದ ಅಡಿಕೆ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಯ್ಯಬೇಕಾಯಿತು. ಅದೇ ವರ್ಷದ ಮಳೆಗಾಲದಲ್ಲಿ ಜಲಾಶಯ ಮತ್ತೆ ತುಂಬಿತು. ಇಂಥ ಪ್ರತಿಯೊಂದು ಬೇಸಿಗೆಯ ಬೆನ್ನಿಗೂ ಒಂದು ಆತುರ ಹುಟ್ಟುತ್ತದೆ: ಸತ್ತ ಗಿಡವನ್ನು ಕಿತ್ತೆಸೆದು ಅದೇ ಗುಂಡಿಗೆ ಅದೇ ಜಾತಿಯ ಸಸಿಯನ್ನು ತಂದಿಡುವ ಆತುರ.

ಮಲೆನಾಡಿನ ಓದುಗರು ಇದನ್ನು ಬಯಲಿನವರ ಕಷ್ಟವೆಂದು ಬದಿಗಿಡುವಂತಿಲ್ಲ. ತ್ಯಾವಣಿಗೆ ಕಡೆಯ ನಾಲೆಯಲ್ಲಿ ಹರಿಯುವ ಭದ್ರೆ ಹುಟ್ಟುವುದು ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ಮಾಘದಲ್ಲೇ ಒರತೆ ಬತ್ತುವುದೂ, ಹಿತ್ತಿಲಿಗೆ ಕೊಳವೆಬಾವಿ ಕೊರೆಸುವುದೂ ಈಗ ಗುಡ್ಡದ ಮೇಲಿನ ಮನೆಗಳಿಗೂ ಹೊಸತಲ್ಲ.

ನೆಡುವ ಮಾತಿಗೆ ಮೊದಲು, ಗಿಡ ನಿಜವಾಗಿಯೂ ಸತ್ತಿದೆಯೇ ಎಂಬುದನ್ನು ನೋಡಬೇಕು. ದಾಸವಾಳ, ಕರಿಬೇವು, ಮಲ್ಲಿಗೆ, ಲಿಂಬೆಯಂಥ ಗಿಡಗಳು ಎಲೆಯುದುರಿಸಿ ಬೋಳಾಗಿ ನಿಂತರೂ ಒಳಗೆ ಜೀವ ಹಿಡಿದಿರುವುದುಂಟು. ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದರೆ ಕೆಳಗೆ ಹಸಿರು, ತೇವ ಕಂಡೀತು. ಆಗ ಆ ಕೊಂಬೆ ಬದುಕಿದೆ. ಕಂದು ಬಣ್ಣವೂ ಒಣಕಲೂ ಇದ್ದರೆ ಇನ್ನಷ್ಟು ಕೆಳಗೆ, ಬುಡದವರೆಗೂ ಕೆರೆದು ನೋಡಬೇಕು. ಹಸಿರು ಸಿಕ್ಕ ಜಾಗದ ಮೇಲಕ್ಕೆ ಕತ್ತರಿಸಿ, ಮಳೆ ಹಿಡಿದ ಬಳಿಕ ಒಂದು ತಿಂಗಳಾದರೂ ಕಾಯುವುದು ಒಳ್ಳೆಯದು. ಬುಡದಿಂದ ಹೊಸ ಚಿಗುರು ಬಂದ ಹಳೆಯ ಗಿಡಕ್ಕೆ ಆಳಕ್ಕಿಳಿದ ಬೇರಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬೆಳೆದು ಬಂದ ಸಸಿ ಅಂಥ ಬೇರು ಬಿಡಲು ವರ್ಷಗಳು ಬೇಕು. ಶಾಲೆಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಇಡೀ ಕೇರಿಯ ಹಿತ್ತಿಲುಗಳನ್ನು ಹೀಗೆ ಪರೀಕ್ಷಿಸಿ ಪಟ್ಟಿ ಮಾಡಬಹುದು.

ಅಡಿಕೆಗೆ ಈ ಪರೀಕ್ಷೆ ಸಲ್ಲದು. ಏಕದಳ ಸಸ್ಯವಾದ ಅಡಿಕೆಗೆ ತೊಗಟೆಯಡಿಯ ಬೆಳವಣಿಗೆಯ ಪದರವಿಲ್ಲ. ಅದರ ಜೀವವೆಲ್ಲ ತುದಿಯ ಒಂದೇ ಸುಳಿಯಲ್ಲಿದೆ. ಸೋಗೆಗಳು ಬಾಗಿ ಜೋತರೂ ಸುಳಿ ಹಸಿರಾಗಿದ್ದರೆ ಮರ ಉಳಿದೀತು. ಸುಳಿ ಒಣಗಿ ಕೊಳೆತರೆ ಎಷ್ಟು ನೀರು ಹೊಯ್ದರೂ ಫಲವಿಲ್ಲ. ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಅಣಬೆ ರೋಗ ತಗುಲಿದ ಮರವೂ ಬರಕ್ಕೆ ಸಿಕ್ಕ ಮರದಂತೆಯೇ ಹಳದಿಯಾಗಿ ಸೋಗೆ ಜೋಲಿಸುತ್ತದೆ. ಬುಡದಲ್ಲಿ ಅಣಬೆ ಮೂಡಿದ್ದರೆ ದೋಷ ಬೇಸಿಗೆಯದಲ್ಲ. ಅಂಥ ಕಡೆ ಬೊಡ್ಡೆಯನ್ನೂ ಬೇರನ್ನೂ ಅಗೆದು ತೆಗೆಯದೆ ಹೊಸ ಸಸಿ ಇಟ್ಟರೆ ಅದೂ ಅದೇ ದಾರಿ ಹಿಡಿಯುತ್ತದೆ.

ಈಗ ಲೆಕ್ಕದ ಮಾತು. ಶಿಫಾರಸಿನಂತೆ 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ. ಹನಿ ನೀರಾವರಿಯಲ್ಲೇ ಬೇಸಿಗೆಯ ದಿನವೊಂದಕ್ಕೆ ಮರವೊಂದಕ್ಕೆ 16ರಿಂದ 20 ಲೀಟರ್ ನೀರು ಬೇಕೆಂದು ತಜ್ಞರು ಹೇಳುತ್ತಾರೆ. ಅಂದರೆ ಎಕರೆಗೆ ದಿನಕ್ಕೆ 9ರಿಂದ 11 ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಎರಡು ಸಲ ಬಂದು ಹೋಗಬೇಕು. ಕೊಳವೆಬಾವಿ ಕೊಡುವ ನೀರು ಮುನ್ನೂರು ಮರಕ್ಕಷ್ಟೇ ಸಾಕೆಂದು ಒಂದು ಬೇಸಿಗೆ ತೋರಿಸಿಕೊಟ್ಟ ಮೇಲೂ ಐನೂರೈವತ್ತನ್ನು ಭರ್ತಿ ಮಾಡುವುದು ಸಾಲವನ್ನು ನೆಟ್ಟಂತೆ. ಫಸಲು ಕಾಣಲು ಐದಾರು ವರ್ಷ ಬೇಕು. ಆ ಅವಧಿಯಲ್ಲಿ ಇನ್ನೊಂದು ಬರ ಬಾರದೆಂದು ಭರವಸೆ ಕೊಡುವವರು ಯಾರೂ ಇಲ್ಲ.

ಆದ್ದರಿಂದ ಕೆಲವು ಗುಂಡಿಗಳನ್ನು ಖಾಲಿ ಬಿಡುವುದೇ ಸರಿ. ಬಿಟ್ಟ ಜಾಗದಿಂದ ಒಂದು ತೊಂದರೆಯಿದೆ ನಿಜ: ನೆರಳು ತಪ್ಪಿದ ಪಕ್ಕದ ಮರದ ಕಾಂಡಕ್ಕೆ ನೈಋತ್ಯದ ಇಳಿಬಿಸಿಲು ಬಡಿದು ಸುಟ್ಟು ಸೀಳುತ್ತದೆ. ಹಾಳೆ ಕಟ್ಟಿಯೋ ಸುಣ್ಣ ಬಳಿದೋ ಅದನ್ನು ತಡೆಯಬಹುದು. ಇದು ಹಳಬರಿಗೆ ಗೊತ್ತಿದ್ದ ಕೆಲಸ.

ಸಸಿಗೆ ಹಣ ಸುರಿಯುವ ಎಷ್ಟೋ ಮನೆಗಳಲ್ಲಿ ಬೇಲಿಯ ಮಾತೇ ಬರುವುದಿಲ್ಲ. ಒಣಗಿದ ಬೇಲಿಸಾಲನ್ನು ಕಿತ್ತು ಕಲ್ಲುಕಂಬ ನೆಟ್ಟು ತಂತಿ ಎಳೆದರೆ ಆಯಿತು! ತಂತಿ ದನವನ್ನು ತಡೆದೀತು. ನೆಲದ ಮೇಲೆ ಬೀಸುವ ಒಣಗಾಳಿಯನ್ನು ತಡೆಯದು, ದರಗು ಉದುರಿಸದು, ಗಿಡದ ಬುಡಕ್ಕೆ ಒಂದು ಹಿಡಿ ಸೊಪ್ಪನ್ನೂ ಕೊಡದು. ಆಳೆತ್ತರದ ಜೀವಂತ ಬೇಲಿ ಎತ್ತರದ ಅಡಿಕೆಯ ತಲೆಯನ್ನು ಕಾಯುವುದಿಲ್ಲವೆಂಬುದನ್ನು ಒಪ್ಪಬೇಕು. ಎಳೆಯ ಸಸಿಗಳನ್ನೂ ತರಕಾರಿ ಮಡಿಯನ್ನೂ ನೆಲದ ಪಸೆಯನ್ನೂ ಅದು ಕಾಯುತ್ತದೆ. ಬೇಸಿಗೆಯಲ್ಲಿ ಮೊದಲು ಸಾಯುವುದು ಅವೇ.

ಬೇಲಿಗೆ ಅಂಗಡಿಯ ಬಣ್ಣದೆಲೆಯ ಗಿಡ ಬೇಕಾಗಿಲ್ಲ. ಚೆಂದಕ್ಕೆಂದು ತಂದ ಪೊದೆ ಏನು ಮಾಡಬಲ್ಲದೆಂಬುದಕ್ಕೆ ಲಂಟಾನವೇ ಸಾಕ್ಷಿ. 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದ ಅದು ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನ ನೆಲವನ್ನು ಆವರಿಸಿ ಹುಲ್ಲಿಗೂ ಮರದ ಮೊಳಕೆಗೂ ಎಡೆಯಿಲ್ಲದಂತೆ ಮಾಡಿದೆ. ಈ ನೆಲದ ಬಿಸಿಲನ್ನು ಬಲ್ಲ ಪೊದೆಗಳು ಹತ್ತಿರದಲ್ಲೇ ಇವೆ. ದನ ಮುಟ್ಟದ, ಕಡಿದಷ್ಟೂ ಚಿಗುರುವ ಲಕ್ಕಿ, ಆಡೂ ಬಾಯಿ ಹಾಕದ, ಕೆಮ್ಮಿಗೆ ಮದ್ದಾಗುವ ಆಡುಸೋಗೆ, ಕಲ್ಲುನೆಲಕ್ಕೆ ಬಂದರಿಕೆ, ಎರೆಯ ಅಂಚಿಗೂ ಒಗ್ಗುವ ತಂಗಡಿ. ಗೊಬ್ಬರದ ಗಿಡ ದೂರದ ಮಧ್ಯ ಅಮೆರಿಕದ್ದಾದರೂ ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು, ವರ್ಷಕ್ಕೆ ಎರಡು ಮೂರು ಕಟಾವು ಸೊಪ್ಪು ಕೊಡುತ್ತದೆ. ಅಡಿಕೆಯ ಬುಡಕ್ಕೆ ಹೊದಿಸಲು ಅದಕ್ಕಿಂತ ಸುಲಭದ್ದು ಸಿಗುವುದು ಕಷ್ಟ. ಇಡೀ ಸಾಲಿಗೆ ಒಂದೇ ಜಾತಿಯನ್ನು ಹಾಕದೆ ಬೆರೆಸಿ ನೆಟ್ಟರೆ, ಒಂದು ಸೋತ ವರ್ಷ ಇನ್ನೊಂದು ನಿಲ್ಲುತ್ತದೆ.

ಲಕ್ಕಿಗೂ ಗೊಬ್ಬರದ ಗಿಡಕ್ಕೂ ಬಲಿತ ಕಡ್ಡಿಯೇ ಸಸಿ. ಹಳ್ಳದ ದಂಡೆಯಿಂದಲೋ ನೆರೆಯವರ ಬದುವಿನಿಂದಲೋ ಹೆಬ್ಬೆರಳು ಗಾತ್ರದ, ಮೊಳದುದ್ದದ ಕಡ್ಡಿಗಳನ್ನು ಮೃಗಶಿರಾ ಮಳೆಗೆ ಕಡಿದು ತಂದು, ಮೂರನೆಯ ಒಂದು ಪಾಲು ಮಣ್ಣಿನಲ್ಲಿರುವಂತೆ ಗೇಣಿಗೊಂದರಂತೆ ಊರಬೇಕು. ಆರಿದ್ರಾ ಮುಗಿಯುವಷ್ಟರಲ್ಲಿ ಚಿಗುರದವುಗಳ ಜಾಗಕ್ಕೆ ಮತ್ತೊಮ್ಮೆ ಕಡ್ಡಿ ಹಾಕಲು ಆ ಮಳೆಗಾಲದಲ್ಲೇ ಸಮಯವಿರುತ್ತದೆ. ತಂಗಡಿಯ ಬೀಜವನ್ನು ಮಾತ್ರ ಬೇಸಿಗೆಯಲ್ಲೇ ಆಯ್ದಿಟ್ಟುಕೊಂಡಿರಬೇಕು.