ಯಾವ ದೇಶದ ಬಿಯರ್ ಒಳ್ಳೇದು? ನಮ್ಮ ಓಟು ರಾಗಿಗೆ

ಮೊದಲೇ ಹೇಳಿಬಿಡುತ್ತೇವೆ, ಇದು ಕುಡಿಯಿರಿ ಅಂತ ಹೇಳುವ ಬರಹ ಅಲ್ಲ. ಕುಡಿಯದವರು ಹಾಗೇ ಇದ್ದುಬಿಡುವುದು ಒಳ್ಳೆಯದು. ಆದರೆ ಸಂಜೆಯಾದರೆ ನಮ್ಮ ಹೋಬಳಿಯ ವೈನ್ ಶಾಪ್ ಮುಂದೆ ಎಷ್ಟು ಬೈಕು ನಿಲ್ಲುತ್ತವೆ ಅನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ಸುಮ್ಮನಿರುವುದಕ್ಕಿಂತ ಬಿಡಿಸಿ ಮಾತಾಡುವುದು ಮೇಲು.

ಹೋದ ದೀಪಾವಳಿಗೆ ಡಿಪ್ಲೊಮಾದಲ್ಲಿ ನಮ್ಮ ಜೊತೆ ಓದಿದ ಗೆಳೆಯನ ಅಣ್ಣ ಜರ್ಮನಿಯಿಂದ ಊರಿಗೆ ಬಂದಿದ್ದರು. ಸುಂಕವಿಲ್ಲದೆ ತರಬಹುದಾದ 2 ಲೀಟರ್ ಲೆಕ್ಕದೊಳಗೆ ನಾಲ್ಕು ದೇಶದ ಬಿಯರ್ ತಂದಿದ್ದರು. ತೋಟದ ಪಂಪ್‌ಸೆಟ್ ಮನೆ ಪಕ್ಕ ಕೂತು ಐದು ಜನ ಹಂಚಿಕೊಂಡು ರುಚಿ ನೋಡಿದೆವು.

ಮೊದಲು ಜರ್ಮನಿಯ ಗೋಧಿ ಬಿಯರ್. ನೋಡಲು ಮಬ್ಬು, ಮೂಗಿನ ಹತ್ತಿರ ತಂದರೆ ಬಾಳೆಹಣ್ಣಿನ ವಾಸನೆ. ಬಾಳೆಹಣ್ಣು ಹಾಕಿಲ್ಲ, ಅದು ಯೀಸ್ಟ್ ಕೊಡುವ ವಾಸನೆ ಎಂದರು ಅಣ್ಣ. ಅದೇ ಜರ್ಮನಿಯ ಬವೇರಿಯಾ ಸೀಮೆಯಲ್ಲಿ 1516ರಲ್ಲಿ ಒಂದು ಕಾನೂನು ಬಂತು. ಬಿಯರ್‌ಗೆ ಬಾರ್ಲಿ, ನೀರು, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವು ಬಿಟ್ಟು ಬೇರೇನೂ ಹಾಕಕೂಡದು ಎಂದು. ಗೋಧಿ ಬಿಯರ್ ಮಾಡಲು ಆಮೇಲೆ ಬೇರೆ ಅಪ್ಪಣೆಯೇ ಬೇಕಾಯಿತು.

ಎರಡನೆಯದು ಚೆಕ್ ದೇಶದ ಪಿಲ್ಸೆನ್ ಊರಿನದು. ಹೊಂಬಣ್ಣ, ತಿಳಿ, ಕೊನೆಗೆ ನಾಲಿಗೆಯಲ್ಲಿ ಹಿತವಾದ ಕಹಿ. 1838ರಲ್ಲಿ ಆ ಊರಿನವರು ಬಿಯರ್ ಕೆಟ್ಟಿದೆ ಎಂದು ಸಿಟ್ಟಾಗಿ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ಸುರಿದರು. ಊರವರೇ ಸೇರಿ ಹೊಸ ಕಾರ್ಖಾನೆ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬವನನ್ನು ಕರೆಸಿದರು. 1842ರಲ್ಲಿ ಅವನು ಮಾಡಿದ ಹೊಂಬಣ್ಣದ ಬಿಯರೇ ಇವತ್ತು ಜಗತ್ತಿನ ತುಂಬ ಸಿಗುವ ಲಾಗರ್‌ಗಳಿಗೆ ಮಾದರಿ. ಆ ಊರಿನ ಮೆದು ನೀರು ಅದಕ್ಕೆ ಒಗ್ಗಿತು.

ಮೂರನೆಯದು ಐರ್ಲೆಂಡಿನ ಗಿನ್ನೆಸ್. ಡಿಕಾಕ್ಷನ್‌ನಂತೆ ಕಪ್ಪು, ಮೇಲೆ ಕೆನೆಯಂಥ ನೊರೆ. ಬಾರ್ಲಿಯನ್ನು ಕಾಫಿ ಬೀಜದ ಹಾಗೆ ಹುರಿಯುವುದರಿಂದ ಆ ಬಣ್ಣ. 1759ರಲ್ಲಿ ಆರ್ಥರ್ ಗಿನ್ನೆಸ್ ಡಬ್ಲಿನ್‌ನ ಆ ಜಾಗವನ್ನು 9000 ವರ್ಷಕ್ಕೆ ಗುತ್ತಿಗೆ ಬರೆಸಿಕೊಂಡನಂತೆ. ನಮ್ಮ ಕಡೆ ಹನ್ನೊಂದು ತಿಂಗಳ ಕರಾರಿಗೇ ಮಾಲೀಕರು ಹಿಂದೆ ಮುಂದೆ ನೋಡುತ್ತಾರೆ!

ಕೊನೆಯದು ಬೆಲ್ಜಿಯಂನದು, ಕ್ರೈಸ್ತ ಮಠದ ಸನ್ಯಾಸಿಗಳ ಉಸ್ತುವಾರಿಯಲ್ಲಿ ಆಗುವಂಥದ್ದು. ಖಾರ ಹೆಚ್ಚು. ಆದರೆ ಬಾಟಲಿ ಬರೀ 330 ಎಂಎಲ್.

ಎಲ್ಲ ಮುಗಿದ ಮೇಲೆ ನಮ್ಮಲ್ಲೊಬ್ಬ ಕೇಳಿದ, "ಏನಣ್ಣ ಇದು, ಅಷ್ಟು ದೂರದಿಂದ ತಂದ್ರಿ, ಏರೋದೇ ಇಲ್ವಲ್ಲ?" ಎಲ್ಲರೂ ನಕ್ಕೆವು. ಆದರೆ ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ನಮ್ಮ ಕಡೆ ಬಿಯರ್ ಎಂದರೆ ಏರಬೇಕು. ಅಂಗಡಿಯಲ್ಲಿ ಕೇಳುವುದು ಎರಡೇ ಮಾತು: ಸ್ಟ್ರಾಂಗ್ ಇದೆಯಾ, ಕೂಲಿಂಗ್ ಇದೆಯಾ. ನಮ್ಮ ದೇಶದಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ಬಹುಪಾಲು ಸ್ಟ್ರಾಂಗೇ.

"ಬಿಯರ್ ತಾನೆ, ಏನೂ ಆಗಲ್ಲ" ಎನ್ನುವವರಿಗಾಗಿ ಒಂದು ಲೆಕ್ಕ. 650 ಎಂಎಲ್ ಸ್ಟ್ರಾಂಗ್ ಬಾಟಲಿಯಲ್ಲಿ ಆಲ್ಕೋಹಾಲ್ ಶೇ 7 ಎಂದುಕೊಳ್ಳಿ. ಒಟ್ಟು 45 ಎಂಎಲ್ ಆಲ್ಕೋಹಾಲ್ ಆಯಿತು. ಶೇ 42.8ರ ವಿಸ್ಕಿಯ ಒಂದು ನೈಂಟಿಯಲ್ಲಿ ಇರುವುದು ಸುಮಾರು 38 ಎಂಎಲ್. ಅಂದರೆ ಒಂದು ಸ್ಟ್ರಾಂಗ್ ಬಿಯರ್ ಕುಡಿದು ಬೈಕ್ ಹತ್ತಿದವನು ನೈಂಟಿಗಿಂತ ಹೆಚ್ಚೇ ಹಾಕಿದ್ದಾನೆ. ನಾವು ಕುಡಿದ ಗಿನ್ನೆಸ್ ಶೇ 4ರ ಆಸುಪಾಸು.

ಇನ್ನೊಂದು ಮಾತು. ಫಾರಿನ್ ಎಂದು ಹೆಚ್ಚು ದುಡ್ಡು ಕೊಡುವ ಮುನ್ನ ಬಾಟಲಿಯ ಹಿಂದಿನ ಚೀಟಿ ಓದಿ. ಹೆಸರು ಅಮೆರಿಕದ್ದೋ ಡೆನ್ಮಾರ್ಕಿನದ್ದೋ ಇರುತ್ತದೆ, ತಯಾರಾಗಿದ್ದು ಹೆಚ್ಚಾಗಿ ನಮ್ಮ ದೇಶದಲ್ಲೇ.

ಹಾಗಾದರೆ ನಮಗೆ ಮೆಚ್ಚಿಗೆಯಾದದ್ದು ಯಾವುದು? ಆ ನಾಲ್ಕರಲ್ಲಿ ಪಿಲ್ಸೆನ್. ಆದರೆ ಎಲ್ಲಕ್ಕಿಂತ ಮೇಲಿನದನ್ನು ಕುಡಿದದ್ದು ಅದಕ್ಕೂ ಮುಂಚೆ, ಸಿಕ್ಕಿಂನಲ್ಲಿ. ಸೈನ್ಯದಲ್ಲಿರುವ ಊರಿನ ಗೆಳೆಯ ಅಲ್ಲಿದ್ದಾಗ ಹೋಗಿದ್ದೆವು. ಅಲ್ಲಿ ತೋಂಗ್‌ಬಾ ಅಂತ ಕೊಟ್ಟರು. ಬಿದಿರಿನ ಪಾತ್ರೆಯ ತುಂಬ ಹುದುಗಿಸಿದ ಕಾಳು, ಅದರ ಮೇಲೆ ಬಿಸಿನೀರು, ಹೀರಲು ಬಿದಿರಿನ ಕೊಳವೆ. ನೀರು ಮುಗಿದರೆ ಮತ್ತೆ ಬಿಸಿನೀರು. ಒಂದು ಪಾತ್ರೆ ಹಿಡಿದು ಎರಡು ಗಂಟೆ ಮಾತಾಡಿದೆವು. ಕೊನೆಗೆ ಕಾಳು ತೆಗೆದು ಬೆರಳಲ್ಲಿ ಉಜ್ಜಿ ನೋಡಿದರೆ, ರಾಗಿ! ನಮ್ಮ ಅವ್ವ ಮೊಳಕೆ ಕಟ್ಟಿ ಮಕ್ಕಳಿಗೆ ಸರಿಹಿಟ್ಟು ಮಾಡುತ್ತಿದ್ದ ಅದೇ ರಾಗಿ.

ರಾಗಿಯ ತವರು ಪೂರ್ವ ಆಫ್ರಿಕಾ. ಉಗಾಂಡಾದ ಹಳ್ಳಿಗಳಲ್ಲಿ ಇವತ್ತಿಗೂ ರಾಗಿಯ ಬಿಯರನ್ನು ಒಂದೇ ಮಡಕೆಯ ಸುತ್ತ ಕೂತು ಉದ್ದ ಕೊಳವೆಯಲ್ಲಿ ಹೀರುತ್ತಾರೆ. ನೈಜೀರಿಯಾ 1988ರಲ್ಲಿ ಬಾರ್ಲಿ ಆಮದು ನಿಲ್ಲಿಸಿದಾಗ ಅಲ್ಲಿನ ಕಾರ್ಖಾನೆಗಳು ಜೋಳಕ್ಕೆ ತಿರುಗಿದವು, ಗಿನ್ನೆಸ್ ಕೂಡ. ಕೀನ್ಯಾದಲ್ಲಿ ಕಳ್ಳಭಟ್ಟಿ ಬಿಡಿಸಲೆಂದು 2004ರಲ್ಲಿ ಅಗ್ಗದ ಬಿಯರ್ ತಂದರು. ಮುಂದೆ ಅದಕ್ಕೆ ರೈತರಿಂದ ಜೋಳ ಕೊಂಡರು. 2013ರಲ್ಲಿ ಸರ್ಕಾರ ಅದರ ಮೇಲೆ ತೆರಿಗೆ ಹೇರಿದ್ದೇ ತಡ, ಮಾರಾಟ ಬಿತ್ತು, ಜೋಳ ಬೆಳೆದವರಿಗೂ ಪೆಟ್ಟಾಯಿತು. 2015ರಲ್ಲಿ ತೆರಿಗೆ ಇಳಿಸಿದರು.

ನಮ್ಮಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಹೋಗಿ ಕ್ವಾರ್ಟರ್ ಬಂತು. 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಆ ತಾಯಂದಿರ ಮುಂದೆ ರಾಗಿ ಬಿಯರ್ ಮಾತಾಡಲು ನಮಗೂ ಅಳುಕು ಇದೆ. ಕುಡಿದು ಬಂದವನ ಕೈಯಲ್ಲಿ ಏಟು ತಿಂದವರಿಗೆ ಅದು ಯಾವ ಕಾಳಿನದು ಎಂಬುದರಿಂದ ಏನಾಗಬೇಕು?

ಆದರೂ ನಮ್ಮ ಅಭಿಪ್ರಾಯ ಇದು. ಅಂಗಡಿ ಹೇಗೂ ತೆರೆದಿರುವಾಗ ಅಲ್ಲಿ ಕಡಿಮೆ ಆಲ್ಕೋಹಾಲಿನ, ನಮ್ಮ ರಾಗಿ ಜೋಳದ ಬಿಯರ್ ಇರಲಿ. ಅದಕ್ಕೆ ತೆರಿಗೆ ಕಡಿಮೆ ಇರಲಿ, ಸ್ಟ್ರಾಂಗಿಗೆ ಹೆಚ್ಚಿರಲಿ. ಒಂದು ಬಾಟಲಿ ಎಷ್ಟು ನೈಂಟಿಗೆ ಸಮ ಎಂದು ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಲಿ. ರಾಗಿ ಬೆಳೆದವನು ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುವುದು ಬಿಟ್ಟರೆ ಅವನಿಗೆ ಇನ್ನೊಬ್ಬ ಕೊಳ್ಳುವವನು ಸಿಗಲಿ.

ಅಲ್ಲಿವರೆಗೆ ಕುಡಿಯುವವರು ಒಂದಾದರೂ ಮಾಡಿ. ಇವತ್ತು ಬಾಟಲಿ ತೆಗೆಯುವ ಮುಂಚೆ ಅದರ ಮೇಲಿನ ಶೇಕಡಾ ಅಂಕಿ ಓದಿ. ಓದಿದ ಮೇಲೆ ಬೈಕ್ ಕೀಲಿ ಪಕ್ಕದವನ ಕೈಗೆ ಕೊಡಿ, ಅವನು ಕುಡಿದಿಲ್ಲದಿದ್ದರೆ.