ಆ ಜೀಪಿಗೆ ಹಸಿರು ಬಳಿಯಬೇಡಿ

ಕೊಡಗಿನ ಶೆಡ್ಡುಗಳಲ್ಲಿ ಮೂಲೆ ಸೇರಿದ್ದ ಹಳೆಯ ಜೀಪುಗಳನ್ನು ಕೇಳಿಕೊಂಡು ಈಗ ಜನ ಬರುತ್ತಾರೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಕಾಫಿಗೆ, ಕರಿಮೆಣಸಿಗೆ ಬೆಲೆ ಬಂದಾಗ ಖುಷಿಪಡುವವರು ತುಕ್ಕು ಹಿಡಿದ ಜೀಪಿಗೆ ಬೆಲೆ ಬಂದರೆ ಬೇಸರಪಡಬೇಕಾಗಿಲ್ಲ. ನನ್ನ ಜಗಳ ಬಂದವರು ಬಾಯಲ್ಲಿ ಹೊತ್ತು ತರುವ ಒಂದು ಪದದ ಜೊತೆಗೆ: ‘ರೆಸ್ಟೋರೇಷನ್’. ಆ ಪದದ ಹೆಸರಿನಲ್ಲಿ ನಡೆಯುವ ಬಹುಪಾಲು ಕೆಲಸ ಇತಿಹಾಸವನ್ನು ಉಳಿಸುವುದಿಲ್ಲ, ಅಳಿಸುತ್ತದೆ ಎಂಬುದು ನನ್ನ ವಾದ.

ಭಾಗಮಂಡಲದಲ್ಲಿ ನನಗೆ ಸಂಬಂಧದಲ್ಲಿ ಮಾವನಾಗಬೇಕಾದವರೊಬ್ಬರ ಮನೆಯಲ್ಲಿ ಅಂಥದ್ದೊಂದು ಜೀಪಿದೆ. ಮಡಚುವ ಗಾಜು, ಬಿಚ್ಚಿ ಸುತ್ತಿಡಬಹುದಾದ ಕ್ಯಾನ್ವಾಸ್ ಮಾಡು, ಎತ್ತರದ ಬಾನೆಟ್ಟು. ಮೊದಲಿದ್ದ ಪೆಟ್ರೋಲ್ ಇಂಜಿನ್ನನ್ನು ಎಂಬತ್ತರ ದಶಕದಲ್ಲಿ ತೆಗೆಸಿ ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ನೆಲದ ತಗಡು ಮೂರು ಸಲ ಬದಲಾಗಿದೆ. ಹಿಂದಿನ ಸೀಟು ತೋಟದ್ದೇ ಸಿಲ್ವರ್ ಓಕ್ ಹಲಗೆ. ಸ್ಟೀರಿಂಗಿಗೆ ಸೈಕಲ್ ಟ್ಯೂಬ್ ಸುತ್ತಿದೆ. ಈಗ ಬ್ರೇಕ್ ಹಿಡಿಯುವುದಿಲ್ಲ, ವೈರಿಂಗನ್ನು ಇಲಿ ತಿಂದಿದೆ, ರೇಡಿಯೇಟರ್ ಸೋರುತ್ತದೆ, ಮಾಡು ಹರಿದಿದೆ. ಕೊಳ್ಳಲು ಬೆಂಗಳೂರಿನಿಂದ ಬಂದವರೊಬ್ಬರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದನ್ನು ‘ಒರಿಜಿನಲ್ ಕಂಡೀಷನ್ನಿಗೆ’ ತರುತ್ತೇವೆ ಅಂದರು. ಡೀಸೆಲ್ ಇಂಜಿನ್ ಕಿತ್ತು ಪೆಟ್ರೋಲ್ ಇಂಜಿನ್, ಹಲಗೆ ಕಿತ್ತು ಹೊಸ ಸೀಟು, ಮೈಗೆಲ್ಲ ಮಿಲಿಟರಿ ಹಸಿರು, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ.

ನಕ್ಷತ್ರ ಎಲ್ಲಿಂದ ಬಂತು? ಮಾವನ ಜೀಪಿನ ಮುಂಭಾಗದಲ್ಲಿ ಏಳು ಸೀಳುಗಳಿವೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ತಗಡಿನ ಗ್ರಿಲ್ಲಿನಲ್ಲಿ ಇದ್ದದ್ದು ಒಂಬತ್ತು. ಈ ಗಾಡಿ ಯುದ್ಧ ನೋಡಿದ್ದಲ್ಲ. ಯುದ್ಧ ಮುಗಿಯುತ್ತಿದ್ದಂತೆ, 1945ರಲ್ಲಿ, ವಿಲ್ಲೀಸ್ ಕಂಪನಿ ಜೀಪನ್ನು ರೈತರಿಗೆ ಮಾರಲು ಹೊರಟಿತು. ಹಿಂಬಾಗಿಲು ಬಂತು, ಪಕ್ಕದಲ್ಲಿ ಸ್ಟೆಪ್ನಿ ಬಂತು, ಇಂಜಿನ್ನಿನ ಬಲದಿಂದ ಗರಗಸವನ್ನೋ ಪಂಪನ್ನೋ ಓಡಿಸುವ ವ್ಯವಸ್ಥೆ ಬಂತು. 1947ರಲ್ಲಿ ಮಹೀಂದ್ರ ಕಂಪನಿ ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. 1953ರಲ್ಲಿ ಅಮೆರಿಕದಲ್ಲಿ ಹೊರಬಂದ ಸಿಜೆ-3ಬಿ ಮಾದರಿಗೆ ಹೊಸ ‘ಹರಿಕೇನ್’ ಇಂಜಿನ್ ಹಾಕಿದ್ದರು. ಅದು ಹಳೆಯದಕ್ಕಿಂತ ಎತ್ತರ, ಹಾಗಾಗಿ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಈ ಎತ್ತರ ಬಾನೆಟ್ಟಿನ ಜೀಪು ಭಾರತದಲ್ಲಿ ಆಮೇಲೂ ತಯಾರಾಗುತ್ತಲೇ ಇತ್ತು. ಅಂದರೆ ನಮ್ಮ ಬೆಟ್ಟದ ಜೀಪು ಹುಟ್ಟಿನಿಂದಲೇ ಕೆಲಸದಾಳು. ಅದಕ್ಕೆ ಸೈನಿಕನ ವೇಷ ಹಾಕಿ ‘ಮೂಲ’ ಅನ್ನುವುದು ಶುದ್ಧ ಸುಳ್ಳು. ಮನೆಮನೆಯಲ್ಲೂ ಸೈನ್ಯಕ್ಕೆ ಹೋದವರಿರುವ ಜಿಲ್ಲೆಯಲ್ಲಿ ಈ ಸುಳ್ಳು ಸುಲಭವಾಗಿ ಮಾರಾಟವಾಗುತ್ತದೆ ಅನ್ನುವುದೂ ಗೊತ್ತು.

ಸರ್ಕಾರವೂ ಈ ‘ಮೂಲ’ದ ಭಕ್ತನೇ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ‘ವಿಂಟೇಜ್’. ಆದರೆ ಅದು ಮೂಲ ರೂಪದಲ್ಲೇ ಉಳಿದಿರಬೇಕು; ಚಾಸಿಸ್, ಬಾಡಿ, ಇಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥವುಗಳಿಗೆ ಮಾತ್ರ ಹೊರತೆಗೆಯಬಹುದು. ಈಗಾಗಲೇ ನಂಬರ್ ಇರುವ ಗಾಡಿ ಹಳೆಯದನ್ನೇ ಇಟ್ಟುಕೊಳ್ಳಬಹುದು. ಹೊಸ ನಂಬರಿನಲ್ಲಿ ರಾಜ್ಯದ ಎರಡಕ್ಷರ, ‘ವಿಎ’, ಸರಣಿಯ ಎರಡಕ್ಷರ, ನಾಲ್ಕು ಅಂಕಿ. ಜಿಲ್ಲೆಗೆ ಜಾಗವಿಲ್ಲ. ಮಡಿಕೇರಿಯ 12 ಅಲ್ಲಿ ಕಾಣುವುದಿಲ್ಲ.

ಈ ನಿಯಮವನ್ನು ಮಾವನ ಶೆಡ್ಡಿನಲ್ಲಿ ನಿಂತು ಓದಬೇಕು. ಐವತ್ತು ವರ್ಷ ಇಂಜಿನ್ ಮುಟ್ಟದೆ, ಬಾಡಿ ಮುಟ್ಟದೆ ಗಾಡಿ ಇಟ್ಟುಕೊಳ್ಳಲು ಯಾರಿಗೆ ಸಾಧ್ಯ? ಅದನ್ನು ಓಡಿಸುವ ಅಗತ್ಯವೇ ಇಲ್ಲದವರಿಗೆ. ಇನ್ನೊಂದು ಗಾಡಿ ಇದ್ದವರಿಗೆ. ಮಳೆಗಾಲದಲ್ಲಿ ಸಂಗಮ ಉಕ್ಕಿ ನಾಪೋಕ್ಲು ರಸ್ತೆ ಮುಳುಗುವ ಊರಿನಲ್ಲಿ ಗೊಬ್ಬರ, ಕಾಫಿ ಮೂಟೆ, ಹೆರಿಗೆ ನೋವಿನ ಹೆಂಗಸು ಎಲ್ಲವನ್ನೂ ಹೊತ್ತ ಜೀಪು ಮೂಲ ರೂಪದಲ್ಲಿ ಉಳಿಯುವುದಿಲ್ಲ. ನಿಯಮ ‘ಗಣನೀಯ ಮಾರ್ಪಾಡು’ ಅನ್ನುವುದನ್ನು ನಮ್ಮಲ್ಲಿ ರಿಪೇರಿ ಅನ್ನುತ್ತೇವೆ. ದುಡಿದದ್ದೇ ಅನರ್ಹತೆ, ಸುಮ್ಮನೆ ನಿಂತದ್ದೇ ಅರ್ಹತೆ. (ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಲ್ಲಿ ಮ್ಯೂಸಿಯಂ ಆಗುವ ಮುಂಚೆ ಆರ್‌ಟಿಒ ಕಚೇರಿಯಾಗಿತ್ತು. ಕಟ್ಟಡಕ್ಕೆ ಎರಡು ಜನ್ಮ ಇರಬಹುದು, ಜೀಪಿಗೆ ಕೂಡದು!)

ಸಾಹಿತ್ಯದ ವಿದ್ಯಾರ್ಥಿಗೆ ಜೀಪಿನ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ ನಮ್ಮ ಕೈಗೆ ಬರುವ ಪುಸ್ತಕಗಳಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಒಂದು. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಕವಿಯ ಪಾಠದ ಹತ್ತಿರಕ್ಕೆ ಹೋಗುವುದು ಸಂಪಾದಕನ ಕೆಲಸ. ಸರಿ. ಆದರೆ ತಾನು ಬಿಟ್ಟ ಪಾಠಗಳನ್ನು ಅವನು ಒಲೆಗೆ ಹಾಕುವುದಿಲ್ಲ, ಪುಟದ ಕೆಳಗೆ ಪಾಠಾಂತರಗಳಾಗಿ ಕೊಡುತ್ತಾನೆ. ಲಿಪಿಕಾರ ತನ್ನ ಊರಿನ ಮಾತನ್ನು ಸೇರಿಸಿದ್ದರೆ ಅದು ಕಾವ್ಯದ ದೃಷ್ಟಿಯಿಂದ ಸ್ಖಾಲಿತ್ಯ, ಭಾಷೆಯ ಚರಿತ್ರೆಗೆ ಸಾಕ್ಷಿ. ಸಿಲ್ವರ್ ಓಕ್ ಹಲಗೆ ನನಗೆ ಅಂಥ ಪಾಠಾಂತರ. ಅದನ್ನು ಕಿತ್ತು ಗುಜರಿಗೆ ಹಾಕುವವರು ಸಂಪಾದಕರಲ್ಲ. ಹಾಗಂತ ಓಲೆಗರಿಯ ಹೋಲಿಕೆಯನ್ನು ತುಂಬ ಎಳೆಯಬಾರದು, ಓಲೆಗರಿಗೆ ಬ್ರೇಕ್ ಬೇಕಾಗುವುದಿಲ್ಲ.

ಇನ್ನೂ ಹತ್ತಿರದ ಪದ ನಮ್ಮಲ್ಲೇ ಇದೆ: ಜೀರ್ಣೋದ್ಧಾರ. ಸವೆದದ್ದನ್ನು ಎತ್ತಿ ನಿಲ್ಲಿಸಿ ಮತ್ತೆ ಪೂಜೆಗೆ ಯೋಗ್ಯ ಮಾಡುವುದು. ಇಷ್ಟು ಮಳೆ ಬೀಳುವ ಕಡೆ ಮರದ ಕೆತ್ತನೆಯ, ಇಳಿಜಾರು ಮಾಡಿನ ದೇವಸ್ಥಾನ ದುರಸ್ತಿಯಿಲ್ಲದೆ ನಿಂತೀತೇ? ಭಗಂಡೇಶ್ವರನ ಗುಡಿಯಲ್ಲಿ ಯಾವ ಮರ ಎಂದಿನದು ಎಂದು ಕೇಳಿ ಯಾರೂ ಹೊರಗೆ ನಿಲ್ಲುವುದಿಲ್ಲ. ಈ ಪದವನ್ನೂ ಕೆಡಿಸಿದ್ದೇವೆ. ಜೀರ್ಣೋದ್ಧಾರವೆಂದರೆ ಗರ್ಭಗುಡಿಯ ತನಕ ಗ್ರಾನೈಟ್ ಎಂದು ತಿಳಿದ ಸಮಿತಿಗಳು ಬೇಕಾದಷ್ಟಿವೆ. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದು ಇದೇ ಜಗಳಕ್ಕೆ: ಚರ್ಚುಗಳನ್ನು ಕೆರೆದು ಯಾವುದೋ ಒಂದು ಕಾಲದ ‘ಶುದ್ಧ’ ರೂಪಕ್ಕೆ ತರಬೇಡಿ, ದಿನನಿತ್ಯ ದುರಸ್ತಿ ಮಾಡಿ ಸಾಕು. (ಮಾರಿಸ್ ಮೈನರ್ ಕಾರಿನ ಮಾರಿಸ್ ಬೇರೆ. 1948ರಲ್ಲಿ ಬಂದ ಆ ಕಾರಿಗೂ ಮಾಡು ಮಡಚುವ ಒಂದು ರೂಪವಿತ್ತು, ಅದರ ಹಿಂದೆ ಬಿದ್ದವರ ಕಾಯಿಲೆಯೂ ಇದೇ.)

ಎದುರು ವಾದ ಇಲ್ಲದಿಲ್ಲ. ಮೂಲ ರೂಪದ ಷರತ್ತು ತೆಗೆದರೆ ಹಳೆ ಚಾಸಿಸ್ಸಿಗೆ ದಪ್ಪ ಟೈರು, ಸಾಲುಸಾಲು ಲೈಟು ಹಾಕಿದವರೆಲ್ಲ ವಿಂಟೇಜ್ ಎಂದು ಬರುತ್ತಾರೆ. ನಿಜ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳನ್ನು ಕಂಡವರಿಗೆ ಈ ಭಯ ಅರ್ಥವಾಗುತ್ತದೆ. ಆದರೆ ಕಳೆದ ವರ್ಷ ಶೋಕಿಗೆ ಮಾಡಿಸಿದ ಬದಲಾವಣೆಗೂ ನಲವತ್ತು ವರ್ಷದ ಹಿಂದೆ ಪೆಟ್ರೋಲ್ ಖರ್ಚು ತಡೆಯಲಾರದೆ ಮಾಡಿಸಿದ್ದಕ್ಕೂ ವ್ಯತ್ಯಾಸ ಕಂಡುಹಿಡಿಯುವುದು ಕಷ್ಟವಲ್ಲ. ಆರ್‌ಸಿ ಪುಸ್ತಕದಲ್ಲಿ ಇಂಜಿನ್ ಬದಲಾದ ದಾಖಲೆ ಇದ್ದರೆ ಅದೇ ಸಾಕ್ಷಿ. ಇಂತಿಷ್ಟು ವರ್ಷಕ್ಕಿಂತ ಹಿಂದಿನ ಮಾರ್ಪಾಡನ್ನೂ ಗಾಡಿಯ ಚರಿತ್ರೆಯ ಭಾಗವೆಂದು ಒಪ್ಪಿ, ಬ್ರೇಕು, ಲೈಟು, ಹೊಗೆ ಪರೀಕ್ಷೆ ಮಾಡಿ, ಜಿಲ್ಲೆಯೊಳಗೆ ಓಡಲು ಬಿಡಿ. ಧರ್ಮಸ್ಥಳದ ಮಂಜೂಷಾದಂಥ ವಸ್ತುಸಂಗ್ರಹಾಲಯದಲ್ಲಿ ಹೊಳೆಯುವ ಕಾರುಗಳನ್ನು ನಾನೂ ಬಾಯಿ ಬಿಟ್ಟು ನೋಡುತ್ತೇನೆ. ಹೊಳೆಯುವುದಕ್ಕೆ ಅಲ್ಲಿ ಜಾಗವಿದೆ. ಪಕ್ಕದಲ್ಲಿ ಹೊಳೆಯದ ಒಂದು ಗಾಡಿ, ಅದನ್ನು ರಿಪೇರಿ ಮಾಡಿದ ಮೇಸ್ತ್ರಿಗಳ ಹೆಸರಿನ ಸಮೇತ ನಿಲ್ಲಬಾರದೇ?

ಮಾವನಿಗೆ ಮಗಳ ನರ್ಸಿಂಗ್ ಫೀಸು ಕಟ್ಟಬೇಕು. ಹಣ ನನ್ನದಲ್ಲದ ಕಾರಣ ಮಾರಬೇಡಿ ಎಂದು ಹೇಳುವುದು ನನಗೆ ಬಹಳ ಸುಲಭ, ಆದ್ದರಿಂದಲೇ ಹೇಳಿಲ್ಲ. ಕೊಳ್ಳುವವರಿಗೆ ಮಾತ್ರ ಹೇಳುತ್ತೇನೆ. ಬ್ರೇಕ್ ಡ್ರಮ್ ಬಿಚ್ಚಿಸಿ, ವೈರ್ ಹೊಸದು ಎಳೆಸಿ, ರೇಡಿಯೇಟರಿಗೆ ಬೆಸುಗೆ ಹಾಕಿಸಿ, ನೆಲದ ತಗಡನ್ನು ನಾಲ್ಕನೇ ಸಲ ಬದಲಾಯಿಸಿ. ಡೀಸೆಲ್ ಇಂಜಿನ್ ಇನ್ನೂ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ, ಅದನ್ನು ಮುಟ್ಟಬೇಡಿ. ಮಾಡು ಹೊಲಿಸುವುದಾದರೆ ಕರ್ಕಾಟಕ ಮಾಸಕ್ಕೆ ಮೊದಲೇ ಹೊಲಿಸಿ.